ಗೆರೆಗಿಂತ ನಾಲ್ಕು ಅಂಗುಲ ಮೇಲೆ

ಡೆಲ್ಮರ್ ಕ್ರೌಸನನ್ನು ನಮ್ಮ ಊರಿನಲ್ಲಿ ಒಬ್ಬರೂ ಬೈಯುವುದಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಯಾರಾದರೂ ಒಂದು ದಿನ ಅವನ ಬಾಗಿಲು ಬಡಿದು ನಾಲ್ಕು ಮಾತು ಬಿಗಿಯಾಗಿ ಅಂದಿದ್ದರೆ ಆ ಮನುಷ್ಯ ಸ್ವಲ್ಪ ಹಗುರಾಗುತ್ತಿದ್ದ. ಎಲ್ಲರೂ "ಹೇಗಿದ್ದೀಯ ಡೆಲ್ಮರ್?" ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ.

ಇಪ್ಪತ್ತಾರು ವರ್ಷ ನಾನು ಕೂಪರ್ ಬೀದಿಗೆ ಅಂಚೆ ಹಂಚಿದವಳು. ಹನ್ನೊಂದು ಮನೆ, ಮೂರು ನಾಯಿ, ಅದರಲ್ಲಿ ಒಂದು ನನ್ನನ್ನು ಎರಡು ಸಲ ಕಚ್ಚಿದೆ. ಬೀದಿಯ ತುದಿಗೆ ಒಡ್ಡು, ಒಡ್ಡಿನಾಚೆ ಮಿಸಿಸಿಪಿ ನದಿ. ನನ್ನ ಸ್ವಂತ ಮನೆ ಗುಡ್ಡದ ಮೇಲಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದು ಬೇಡ.

ಡೆಲ್ಮರ್ ನಮ್ಮ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರ್ವೆ ಕೆಲಸ ಮಾಡಿದ. ಮೊದಲು ಅಳತೆಕೋಲು ಹಿಡಿದು ಬಿಸಿಲಲ್ಲಿ ನಿಲ್ಲುವವನು, ಆಮೇಲೆ ದುರ್ಬೀನಿಗೆ ಕಣ್ಣಿಡುವವನು. ಅಂಗುಲದ ವಿಷಯದಲ್ಲಿ ಅವನಿಗೆ ಹುಚ್ಚೇ ಹಿಡಿದಿತ್ತು. ಒಂದು ಮದುವೆಯಲ್ಲಿ ಕೇಕು ಎಡಕ್ಕೆ ಅರ್ಧ ಅಂಗುಲ ವಾಲಿದೆ ಎಂದು ಮದುಮಗಳ ಎದುರಿಗೇ ಹೇಳಿದ ಪುಣ್ಯಾತ್ಮ! ಅವನು ಮಾತ್ರ ಮದುವೆಯಾಗಲೇ ಇಲ್ಲ. ಪಕ್ಕದ ಮನೆಯ ಆರ್ಡಿಸ್ ವೋಗಲ್ ವಿಧವೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅವರಿಬ್ಬರ ನಡುವೆ ಏನೂ ಇರಲಿಲ್ಲ. ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು.

ಒಂದು ವಸಂತದಲ್ಲಿ ಸರ್ಕಾರದ ಹೊಸ ನೆರೆ ನಕ್ಷೆ ಬಂತು. ಕೂಪರ್ ಬೀದಿ ಪೂರ್ತಿ ನೆರೆ ವಲಯದೊಳಗೆ. ಮನೆಯ ಮೇಲೆ ಸಾಲವಿದ್ದವರು ನೆರೆ ವಿಮೆ ಮಾಡಿಸಲೇಬೇಕು ಎಂದು ಬ್ಯಾಂಕುಗಳಿಂದ ಕಾಗದ ಬಂತು. ಹಂಚಿದವಳು ನಾನೇ. ಆರ್ಡಿಸ್ ಗಂಡನ ಚಿಕಿತ್ಸೆಗೆಂದು ಮನೆ ಅಡವಿಟ್ಟಿದ್ದಳು. ಗಂಡ ಹೋದ, ಸಾಲ ಉಳಿಯಿತು. ಆ ವರ್ಷ ವಿಮೆಯ ಕಂತು ಕಟ್ಟಿ ಚಳಿಗಾಲದಲ್ಲಿ ಮನೆ ಬಿಸಿ ಮಾಡುವುದನ್ನೇ ನಿಲ್ಲಿಸಿದಳು. ಕೋಟು ಹಾಕಿಕೊಂಡೇ ಬಾಗಿಲು ತೆಗೆಯುತ್ತಿದ್ದಳು.

"ಗಂಡನ್ನ ಕ್ಯಾನ್ಸರ್ ತಗೊಂಡು ಹೋಯ್ತು ಬರ್ನೀಸ್, ಮನೇನ ಈ ನಕ್ಷೆ ತಗೊಂಡು ಹೋಗತ್ತೆ ನೋಡು," ಎಂದಳು ನನ್ನ ಹತ್ತಿರ. ಹೆದರಿದ್ದಳು ಪಾಪ. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ.

ಬೇಲಿಯಾಚೆಯಿಂದ ಕೇಳಿಸಿಕೊಂಡ ಡೆಲ್ಮರ್ ಕೆಂಡವಾದ. "ಎಲ್ಲೋ ಕೂತ್ಕೊಂಡು ಗೆರೆ ಗೀಚಿದಾರೆ. ದೇವರಾಣೆಗೂ ಒಬ್ಬನೂ ಇಲ್ಲಿಗೆ ಕಾಲಿಟ್ಟಿಲ್ಲ. ತಡಿ, ನಾನು ಅಳೀತೀನಿ."

ನಿಯಮ ಹೀಗಿತ್ತು: ಮನೆಯ ಗೋಡೆಗೆ ತಾಗಿದ ನೆಲದಲ್ಲಿ ಅತಿ ತಗ್ಗಿನ ಜಾಗವೂ ನೆರೆಯ ಗೆರೆಗಿಂತ, ಅಂದರೆ ನೀರು ಏರಬಹುದೆಂದು ಸರ್ಕಾರ ಲೆಕ್ಕ ಹಾಕಿದ ಮಟ್ಟಕ್ಕಿಂತ, ಮೇಲಿದ್ದರೆ, ಅರ್ಜಿ ಹಾಕಿ ಮನೆಯನ್ನು ವಲಯದಿಂದ ಹೊರಗೆ ತರಿಸಬಹುದು. ಡೆಲ್ಮರ್ ತನ್ನ ಹಳೆಯ ಸಾಹೇಬನನ್ನು ಕರೆತಂದ, ಸಹಿ ಹಾಕುವ ಪರವಾನಗಿ ಇದ್ದವನು ಅವನು. ಮರುವರ್ಷದ ಬೇಸಿಗೆ ಪೂರ್ತಿ ಶನಿವಾರ ಶನಿವಾರ ಇಬ್ಬರೂ ಮನೆಯಿಂದ ಮನೆಗೆ ಅಳೆದರು. ಕೂಲಿ ಎಂದರೆ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಪೈ, ಕಾಫಿ. ಹನ್ನೊಂದರಲ್ಲಿ ಒಂಬತ್ತು ಮನೆ ಹೊರಗೆ ಬಂದವು. ಬೀದಿಯವರು ಅವನನ್ನು ಹೊತ್ತು ಮೆರೆಸುವುದೊಂದು ಬಾಕಿ.

ಅವನ ಸ್ವಂತ ಮನೆ ಮಾತ್ರ ಹೊರಗೆ ಬರಲಿಲ್ಲ. ಹಿತ್ತಿಲಿನಿಂದ ನೆಲಮಾಳಿಗೆಗೆ ಇಳಿಯಲು ಅವನಪ್ಪ ಮೆಟ್ಟಿಲು ಅಗೆಸಿದ್ದ, ಅದರ ಬುಡ ಗೆರೆಗಿಂತ ಗೇಣುದ್ದ ತಗ್ಗು. "ಆ ಮೆಟ್ಟಿಲು ನಾನು ನೋಡೇ ಇಲ್ಲ ಅಂದ್ಕೊ," ಎಂದನಂತೆ ಸಾಹೇಬ. "ನೀವು ನೋಡಿಲ್ಲ ಸರಿ. ನಾನು ದಿನಾ ಇಳೀತೀನಲ್ಲ!" ಎಂದನಂತೆ ಇವನು. ಛಾವಣಿಗೆಂದು ಮಾಡಿದ ಸಾಲ ಅವನಿಗೂ ಇತ್ತು. ಗೊಣಗಿಕೊಂಡು ವಿಮೆ ಕಟ್ಟುತ್ತಾ ಹೋದ.

ಆರ್ಡಿಸಳ ಮನೆ ವಲಯದಿಂದ ಹೊರಗೆ ಎಂಬ ಕಾಗದ ಕೊಟ್ಟ ದಿನ ನಾನು ಅಲ್ಲೇ ನಿಂತಿದ್ದೆ. ಎರಡೂ ಪುಟ ಓದಿ ಬೇಲಿಯ ಹತ್ತಿರ ಹೋದಳು.

"ಡೆಲ್ಮರ್, ಹಿಂದ್ಗಡೆ ಏನೋ ಬರ್ದಿದಾರೆ. ಗೆರೆ ಹೊರಗಿದ್ರೂ ನೀರು ಬರಬಹುದು ಅಂತ. ಇನ್ಶೂರೆನ್ಸ್ ಇಟ್ಕೊಳ್ಲಾ, ಬಿಡ್ಲಾ?"

"ಅದನ್ನ ಎಲ್ಲರಿಗೂ ಬರೀತಾರೆ ಕಣೇ. ನಾಲ್ಕು ಅಂಗುಲ ಮೇಲಿದ್ದೀಯ, ಮೂರು ಸಲ ಅಳೆದಿದೀನಿ. ಬಿಡು. ಮೊದ್ಲು ಮನೆ ಬೆಚ್ಚಗಿಟ್ಕೊ."

ಬಿಟ್ಟಳು. ನಾನೂ ಅಲ್ಲಿದ್ದೆನಲ್ಲ, ನಾನೂ ತುಟಿ ಬಿಚ್ಚಲಿಲ್ಲ. ಅವಳ ಸಂತೋಷ ಕಂಡು ನನಗೂ ಸಂತೋಷವಾಗಿತ್ತು.

ಐದು ವರ್ಷ ಚೆನ್ನಾಗಿಯೇ ಕಳೆಯಿತು. ಆರನೆಯ ವರ್ಷ ಜೂನ್ ತಿಂಗಳು ಮೇಲಿನ ಸೀಮೆಯಲ್ಲಿ ಮೂರು ವಾರ ಬಿಡದೆ ಮಳೆ. ಊರಿಗೆ ಊರೇ ಮರಳಿನ ಚೀಲ ತುಂಬಿತು. ಏನು ತುಂಬಿ ಏನು ಬಂತು, ರೈಲು ಸೇತುವೆಯ ಹತ್ತಿರ ಒಡ್ಡು ಒಡೆಯಿತು.

ಕೂಪರ್ ಬೀದಿಯವರನ್ನೆಲ್ಲ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಮಲಗಿಸಿದ್ದರು. ನಾನು ಸೂಪು ಹಂಚಲು ಹೋಗಿದ್ದೆ. ಹಾಡುಹಗಲಿನಲ್ಲೇ ದೀಪ ಹಾಕಿದ್ದರು, ಹೊರಗೆ ಅಷ್ಟು ಮೋಡ. ರೇಡಿಯೋದಲ್ಲಿ ಗಂಟೆಗೊಮ್ಮೆ ನದಿಯ ಮಟ್ಟ ಹೇಳುತ್ತಿದ್ದರು. ಉಳಿದವರಿಗೆ ಅದು ಬರೀ ಅಂಕಿ. ಡೆಲ್ಮರ್‌ಗೆ ಹಾಗಲ್ಲ, ಆ ಬೀದಿಯ ಪ್ರತಿ ಮನೆಯ ಎತ್ತರ ಅವನ ತಲೆಯೊಳಗಿತ್ತು. ಒಂದೊಂದು ಅಂಕಿ ಬಂದಾಗಲೂ ಅವನ ತುಟಿ ಅಲ್ಲಾಡುತ್ತಿತ್ತು.

"ಏನು ಲೆಕ್ಕ ಹಾಕ್ತಿದೀಯ?" ಎಂದೆ.

"ಆರ್ಡಿಸ್ ಮೆಟ್ಟಿಲು ಹೋಯ್ತು," ಎಂದ ಮೆಲ್ಲಗೆ.

ಮುಂದಿನ ಗಂಟೆಗೆ, "ಒಳಗಿನ ನೆಲ." ಅದರ ಮುಂದಿನ ಗಂಟೆಗೆ, "ಅಡುಗೆ ಕಟ್ಟೆ." ಆರ್ಡಿಸ್ ಪಕ್ಕದ ಮಂಚದಲ್ಲೇ ಕೂತಿದ್ದಳು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಅವನು ಬಾಯಿ ಮುಚ್ಚಿದ. "ಕಿಟಕಿ ಮುಳುಗಿತಾ?" ಎಂದು ಅವಳೇ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅಯ್ಯೋ ದೇವರೇ, ಆ ಹೊತ್ತು ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ನೀರು ಇಳಿದ ಮೇಲೆ ವಿಮೆಯವನು ಬಂದ. ಇಡೀ ಬೀದಿಯಲ್ಲಿ ಅವನು ಹೊಕ್ಕಿದ್ದು ಒಂದೇ ಮನೆ, ಡೆಲ್ಮರನದು. ವಲಯದೊಳಗೇ ಉಳಿದಿದ್ದ ಇನ್ನೊಂದು ಮನೆಯವರು ಸಾಲವಿಲ್ಲದವರು, ವಿಮೆ ಮಾಡಿಸಿರಲೇ ಇಲ್ಲ. ಗೆರೆಯಿಂದ ಎಲ್ಲರನ್ನೂ ಹೊರಗೆ ಎಳೆದವನೊಬ್ಬನಿಗೆ ಪರಿಹಾರ! ಯಾರೂ ಒಂದು ಮಾತು ಆಡಲಿಲ್ಲ. ಡೆಲ್ಮರ್ ಬ್ಯಾಂಕಿಗೆ ಓಡಿದ, ಆ ಹಣದಲ್ಲಿ ಪಕ್ಕದ ಮನೆ ರಿಪೇರಿ ಮಾಡಿಸಬಹುದೇ ಎಂದು ಕೇಳಿದ. ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರೂ ಇದೆ, ನಿನ್ನ ಮನೆಗೆ ಬಿಟ್ಟು ಬೇರೆ ಯಾವುದಕ್ಕೂ ಆಗದು ಎಂದರು.

ತನ್ನ ಮನೆಯ ಕೆಸರು ಹಾಗೇ ಬಿಟ್ಟು ಅವಳ ಮನೆಯ ಕೆಸರು ಎತ್ತಿದ. ಎಪ್ಪತ್ತೊಂದು ವಯಸ್ಸು. "ಒಂದು ದಿನ ಸುಧಾರಿಸ್ಕೊಳ್ಳೋ ಮಾರಾಯ, ಸತ್ತು ಹೋಗ್ತೀಯ," ಎಂದು ನಾನು ಗದರಿದೆ. "ಅವಳನ್ನ ಮನೆ ಸೇರಿಸಿ ಆಮೇಲೆ ಸಾಯ್ತೀನಿ, ಸುಮ್ನಿರು," ಎಂದ.

ಸೇರಿಸಲು ಆಗಲಿಲ್ಲ. ನಮ್ಮ ನಗರಸಭೆಯ ನಿಯಮ: ನೀರು ಹೊಕ್ಕ ಮನೆ ಗೆರೆಯ ಒಳಗಿರಲಿ ಹೊರಗಿರಲಿ, ರಿಪೇರಿಯ ಖರ್ಚು ಅದರ ಬೆಲೆಯ ಅರ್ಧ ದಾಟಿದರೆ ಇಡೀ ಮನೆಯನ್ನು ಮೇಲೆತ್ತಿ ಕೂರಿಸಬೇಕು, ಇಲ್ಲವೇ ಕೆಡವಬೇಕು. ನಗರಸಭೆಯವನು ಬಂದು ನೋಡಿ ಅರ್ಧ ದಾಟಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ. ಸರ್ಕಾರ ಕೊಟ್ಟ ನೆರವು ಒಂದು ಮಂಚಕ್ಕೆ, ಒಂದು ಫ್ರಿಜ್ಜಿಗೆ ಸಾಕು. ಡೆಲ್ಮರನ ಮನೆಯೂ ಅರ್ಧ ದಾಟಿತ್ತು. ಅದನ್ನು ಎತ್ತಿಸಲು ವಿಮೆಯವರೇ ಕೊಟ್ಟರು. ಆಳೆತ್ತರದ ಹೊಸ ತಳಪಾಯದ ಮೇಲೆ ಅವನ ಮನೆ ನಿಂತಿತು.

ಬಣ್ಣ ಮುಗಿದ ದಿನ ಆರ್ಡಿಸಳನ್ನು ಕರೆದ. ನನ್ನನ್ನೂ ಕರೆದ, ಒಬ್ಬನೇ ಕೇಳಲು ಅಳುಕು. ಅವಳು ಕೋಣೆ ಕೋಣೆ ನೋಡಿದಳು.

"ಎರಡು ಕೋಣೆ ಖಾಲಿ ಇದೆ ಆರ್ಡಿಸ್. ಇಲ್ಲೇ ಇರು. ನಿನ್ ಪಾಡಿಗೆ ನೀನಿರು, ನಾನು ಮಾತೂ ಆಡಲ್ಲ."

"ನಂಗೆ ನಿನ್ ಮೇಲೆ ಕೋಪ ಇಲ್ಲ ಡೆಲ್ಮರ್. ಒಳ್ಳೇದಕ್ಕೇ ಹೇಳಿದ್ದೆ ನೀನು. ಆದ್ರೆ ದಿನಾ ಬೆಳಗಾಗೆದ್ದು ನಿನ್ ಮುಖ ನೋಡಿ, ಕೋಪ ಇಲ್ಲ ಕೋಪ ಇಲ್ಲ ಅಂದ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಮನೆಯನ್ನು ಬ್ಯಾಂಕಿಗೆ ಬಿಟ್ಟು, ನೆಬ್ರಾಸ್ಕಾದಲ್ಲಿ ಅಕ್ಕನ ಮಗಳ ಮನೆಗೆ ಹೋದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಯಂತ್ರದ ಪಕ್ಕ ಒಂದು ಮೂಲೆ. ಎರಡನೇ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡಳು.

ಅವಳ ಮನೆ ಕೆಡವಿದ್ದು ಅವಳು ಊರು ಬಿಟ್ಟ ವರ್ಷದ ಅಕ್ಟೋಬರಿನಲ್ಲೇ. ಯಂತ್ರಕ್ಕೆ ಕಾಲು ಗಂಟೆಯೂ ಬೇಕಾಗಲಿಲ್ಲ. ಡೆಲ್ಮರ್ ತನ್ನ ಹೊಸ ಮೆಟ್ಟಿಲಿನ ತುದಿಯಲ್ಲಿ ಕೂತು ನೋಡಿದ. ಚೀಲ ಕೆಳಗಿಟ್ಟು ನಾನೂ ಕೂತೆ. ಧೂಳು ಕೂರುವವರೆಗೆ ನೋಡಿದೆವು.

"ನಾನು ಅಳೆದಿದ್ದು ಸರಿಯಾಗೇ ಇತ್ತು ಬರ್ನೀಸ್," ಎಂದ ಕೊನೆಗೆ. "ಒಂದು ಕೂದಲೆಳೆ ತಪ್ಪಿರ್ಲಿಲ್ಲ. ಜನ್ಮದಲ್ಲಿ ಒಂದೇ ಒಂದು ಸಲ, ಅವಳ ಮನೇಲಿ, ಐದಂಗುಲ ತಪ್ಪಿದ್ರೆ? ನನ್ನ ಬೈಕೊಂಡು ಬೈಕೊಂಡೇ ಇನ್ಶೂರೆನ್ಸ್ ಕಟ್ತಿದ್ಲು. ಇಲ್ಲೇ ಇರ್ತಿದ್ಲು. ಅಲ್ವಾ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಅಲ್ಲ ಎನ್ನಲಿ ಎಂದು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಹೌದು," ಎಂದೆ.