ಒಂದೇ ಕಲ್ಲಿನ ಮೇಲೆ ನಾಲ್ಕು ಸಲ

ನನ್ನ ಬೀಗಿತ್ತಿಗೆ ಬದುಕಿರುವ ನೆಂಟರಿಗಿಂತ ಸತ್ತವರ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಮಗಳ ಮುಂದೆ ಎಷ್ಟೋ ಸಲ ಆಡಿಕೊಂಡಿದ್ದೇನೆ. ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಮನೆಯಿಂದ ಅವರ ಮನೆಗೆ ನಡೆದೇ ಹೋಗಬಹುದು. ಹೋದಾಗಲೆಲ್ಲ ಅವರು ಲ್ಯಾಪ್‌ಟಾಪ್ ಬಿಚ್ಚಿಕೊಂಡು, ತೀರಿಹೋದ ಗಂಡನ ಮನೆತನದ ಮೂಲ ಹುಡುಕುತ್ತ ಕೂತಿರುತ್ತಿದ್ದರು. ಮೂಲವೆಂದರೆ ಇಂಗ್ಲೆಂಡಿನ ಒಂದು ಪ್ಯಾರಿಷ್: ಒಂದು ಹಳೆಯ ಚರ್ಚು, ಅದಕ್ಕೆ ಸೇರಿದ ನಾಲ್ಕಾರು ಹಳ್ಳಿ, ಸುತ್ತ ಕುರಿ. "ಕುರಿ ನೋಡಾಕ ಅಷ್ಟು ದೂರ ಯಾಕ? ಇಲ್ಲೇ ಬೇಕಾದಷ್ಟು ಅದಾವಲ್ಲ" ಎಂದು ನನ್ನ ಗಂಡ ನಗುತ್ತಿದ್ದರು. ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರೆ ಎಂದು ನಾನೂ ಹೇಳಿ ನೋಡಿದೆ. "ನಮ್ಮಲ್ಲಿ ಋಷಿಗಳು ಯಾರೂ ಇಲ್ಲ, ಎಲ್ಲ ಹೊಲದ ಕೂಲಿಗಳು" ಎಂದರು.

ಅವರ ಒಬ್ಬನೇ ಮಗ ನಮ್ಮ ಅಳಿಯ. ಮಗಳು ಆಗ ತುಂಬು ಬಸುರಿ, ಸ್ಕ್ಯಾನಿನಲ್ಲಿ ಗಂಡು ಎಂದಿದ್ದರು. ಆ ಮನೆತನದಲ್ಲಿ ಮೊದಲ ಗಂಡುಮಗುವಿಗೆ ತಲೆತಲಾಂತರದಿಂದ ಒಂದೇ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಳಿಯನಿಗೆ ಮಾತ್ರ ಬೇರೆ ಹೆಸರಿತ್ತು. ಯಾಕೆಂದು ನಾನು ಕೇಳಿರಲಿಲ್ಲ. ಮಗಳು ಆಗಲೇ ಹೊಟ್ಟೆ ಸವರಿಕೊಂಡು ಆ ಹೆಸರಿನಿಂದ ಕರೆಯತೊಡಗಿದ್ದಳು. ನಮ್ಮ ಕಡೆ ಕೂಸು ಹುಟ್ಟುವ ಮೊದಲು ತೊಟ್ಟಿಲನ್ನೂ ತರುವುದಿಲ್ಲ.

ಒಂದು ಭಾನುವಾರ ಬೀಗಿತ್ತಿ ನನ್ನನ್ನು ಕರೆದು ಒಂದು ಫೋಟೋ ತೋರಿಸಿದರು. ಆ ಹಳ್ಳಿಯ ಯಾರೋ ನಿವೃತ್ತರು ಚರ್ಚಿನ ಹಿತ್ತಲಲ್ಲಿ ತೆಗೆದು ಕಳಿಸಿದ್ದು. ಪಾಚಿ ಹಿಡಿದ ಸಮಾಧಿಯ ಕಲ್ಲು. ಅದರ ಮೇಲೆ ಆ ಹೆಸರು. ಅದರ ಕೆಳಗೆ ಮತ್ತೆ ಅದೇ ಹೆಸರು. ಮತ್ತೆ. ಮತ್ತೆ. ಮೊದಲನೆಯದು ವಾರದ ಕೂಸು, ನಾಲ್ಕನೆಯದಕ್ಕೆ ವರ್ಷ ತುಂಬಿತ್ತಂತೆ.

"ತಪ್ಪಿ ಕೆತ್ತಿದ್ದಾರೇನು?" ಎಂದೆ.

"ಇಲ್ಲ. ಒಂದು ಹೋದರೆ ಮುಂದಿನದಕ್ಕೆ ಅದೇ ಹೆಸರಿಡುತ್ತಿದ್ದರು, ಒಬ್ಬ ಉಳಿಯುವವರೆಗೆ. ಐದನೆಯವನು ಉಳಿದ. ಅವನೇ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಚೆಂದ ಅಲ್ಲವಾ?"

ನನಗೆ ಚೆಂದ ಕಾಣಲಿಲ್ಲ. ನಾಲ್ಕನೆಯ ಹೆಸರಿನ ಕೆಳಗೆ ಕಲ್ಲು ಇನ್ನೂ ಒಂದು ಗೇಣು ನುಣ್ಣಗಿತ್ತು. ಆ ಐದನೆಯವನು ವಾರವಾರ ತಾಯಿಯ ಕೈಹಿಡಿದು ಚರ್ಚಿಗೆ ಹೋಗಿರುತ್ತಾನೆ, ಓದಲು ಕಲಿತ ಮೇಲೆ ತನ್ನ ಹೆಸರನ್ನು ಆ ಕಲ್ಲಿನ ಮೇಲೆ ನಾಲ್ಕು ಸಲ ಓದಿರುತ್ತಾನೆ ಎಂದುಕೊಂಡೆ.

ನಮ್ಮಪ್ಪನಿಗಿಂತ ಮುಂಚೆ ಹುಟ್ಟಿದ ಮಕ್ಕಳೂ ಉಳಿದಿರಲಿಲ್ಲ. ಅಪ್ಪ ಹುಟ್ಟಿದಾಗ ಅಜ್ಜಿ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲೆ ಇಡಿಸಿ, ನೆರೆಯವಳಿಂದ ಎತ್ತಿಸಿ, ಹಿಡಿ ನುಚ್ಚು ಕೊಟ್ಟು ಕೊಂಡುಕೊಂಡಳಂತೆ. ಇಟ್ಟ ಹೆಸರೂ ಕಸದ್ದೇ. ಸಾವು ಬಂದರೂ ಇದೇನು ಕಸ ಎಂದು ಮುಂದೆ ಹೋಗಲಿ ಅಂತ. ನಾವು ಸಾವಿನ ಕಣ್ಣಿಗೆ ಮಣ್ಣೆರಚುವವರು. ಇವರು ಅದಕ್ಕೆ ಪರಿಚಯವಿರುವ ಹೆಸರನ್ನೇ ಹಿಡಿದು ಕೂಗುವವರು.

"ಆ ಹೆಸರು ಬ್ಯಾಡವ್ವ" ಎಂದು ಮಗಳಿಗೆ ಹೇಳಿದೆ.

"ಮಮ್, ಇಟ್ಸ್ ಜಸ್ಟ್ ಎ ನೇಮ್."

"ಜಸ್ಟ್ ನೇಮ್ ಆಗಿದ್ರ ಬ್ಯಾರೇದು ಇಡ್ರಲ್ಲ ಮತ್ತ!"

ಅವಳು ಮುಖ ತಿರುಗಿಸಿದಳು. ಮರುದಿನ ಆಫೀಸಿಗೆ ಹೊರಟಾಗ ವೆಲ್ಲಿಂಗ್ಟನ್ ರೈಲಿನಲ್ಲಿ ಯಾರೋ ತಾಯಿ ಆ ಹೆಸರು ಕೂಗಿದಳು. ಡಬ್ಬಿಯಲ್ಲಿದ್ದ ಯಾವ ಮಗುವೂ ತಿರುಗಿ ನೋಡಲಿಲ್ಲ. ಮತ್ತೆ ಕೂಗಿದಳು. ನಾನು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ. ನೇರವಾಗಿ ಬೀಗಿತ್ತಿಯ ಮನೆಗೆ ಹೋಗಿ, ಚಹಾ ಕೂಡ ಬೇಡವೆಂದು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಜಗಳ ಆಡಲಿಲ್ಲ.

"ಆ ಹೆಸರಿನವನು ನನಗೂ ಒಬ್ಬ ಇದ್ದ. ನಿಮ್ಮ ಅಳಿಯನಿಗಿಂತ ಮುಂಚೆ" ಎಂದರು. ಬೆಳಿಗ್ಗೆ ಹುಟ್ಟಿ ಸಂಜೆ ಹೋದನಂತೆ. ಆಸ್ಪತ್ರೆಯವರು ತಾವೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದರು. ಎಲ್ಲಿ ಎಂದು ಅವರು ಹೇಳಲಿಲ್ಲ, ಇವರೂ ಕೇಳಲಿಲ್ಲ. ಆಗ ಹಾಗೆಯೇ ಇತ್ತಂತೆ. ಎರಡನೆಯವನಿಗೂ ಅದೇ ಹೆಸರಿಡೋಣ ಎಂದು ಗಂಡ ಹಟ ಹಿಡಿದರೂ ಇವರ ಬಾಯಲ್ಲಿ ಅದು ಹೊರಡಲಿಲ್ಲ. "ಆ ಹಳ್ಳಿಯ ಮಕ್ಕಳಿಗೆ ಒಂದು ಕಲ್ಲಾದರೂ ಇದೆ. ನನ್ನವನಿಗೆ ಏನಿದೆ?"

"ಹೆಸರಿದೆ" ಎಂದೆ. "ಇರುವುದು ಅದೊಂದೇ. ಅದನ್ನೂ ಅವನಿಂದ ತೆಗೆದು ಈ ಮಗುವಿಗೆ ಕೊಡಬೇಡಿ."

ಅದು ನನ್ನ ಜಾಣತನವಲ್ಲ, ಮೊಮ್ಮಗನ ಮೇಲಿನ ಹೆದರಿಕೆ ಆಡಿಸಿದ ಮಾತು. ಆದರೆ ನಾಟಿತು. ಬೇರೆ ಹೆಸರು ಹುಡುಕಿ ಎಂದು ಅವರೇ ನನ್ನ ಮಗಳಿಗೆ ಹೇಳಿದರು.

ಗಂಡುಮಗು ಸುಸೂತ್ರವಾಗಿ ಹುಟ್ಟಿತು. ನಮ್ಮ ಮನೆಯಲ್ಲೇ ಹೆಸರಿಡುವ ಕಾರ್ಯ. ತಂದೆಯ ತಂಗಿ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಳಿಯನಿಗೆ ತಂಗಿ ಇಲ್ಲ. ಕನಿಕರ ಬಂದು, "ನೀವೇ ಹೇಳಿ" ಎಂದು ನಾನೇ ಬೀಗಿತ್ತಿಯನ್ನು ಮುಂದೆ ಮಾಡಿದೆ.

ಅವರು ಬಗ್ಗಿದರು. ನಗುತ್ತ ಗುದ್ದುತ್ತಿದ್ದ ಹೆಂಗಸರು ದಣಿದು ನಿಲ್ಲಿಸಿದರೂ ತಲೆ ಎತ್ತಲಿಲ್ಲ. ತುಟಿ ಎರಡನೆಯ ಸಲ ಅಲುಗಿದ್ದನ್ನು ನಾನು ಕಂಡೆ. ಅಲ್ಲಿಯವರೆಗೆ ಕಿರುಚುತ್ತಿದ್ದ ಕೂಸು ತಟ್ಟನೆ ಸುಮ್ಮನಾಗಿ ಕತ್ತು ಹೊರಳಿಸಿತು, ಅಜ್ಜಿಯ ಕಡೆಗಲ್ಲ, ಯಾರೂ ನಿಂತಿರದ ಆ ಬದಿಗೆ.

ಆಮೇಲೆ ಅವರನ್ನು ಅಡುಗೆಮನೆಯಲ್ಲಿ ಹಿಡಿದು, ಎರಡು ಸಲ ಏನು ಹೇಳಿದಿರಿ ಎಂದು ಕೇಳಿದೆ.

"ಒಂದು ಇವನ ಹೆಸರು. ಇನ್ನೊಂದು ಅವನದು. ತಮ್ಮನ ಮಗನನ್ನು ನೋಡಿಕೋ ಎಂದೆ" ಎಂದರು. "ತಂದೆಯ ಅಣ್ಣನಿಗೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?"

ಸಿಟ್ಟು ತಡೆದುಕೊಂಡು "ದೊಡ್ಡಪ್ಪ" ಎಂದೆ. ಅವರು ಆ ಮಾತನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು.

ಕೂಸು ನಿದ್ದೆಯಲ್ಲಿ ನಕ್ಕರೆ ಸಟವಿ ನಗಿಸುತ್ತಾಳೆ ಅನ್ನುತ್ತೇವೆ ನಾವು. ಹಣೆಬರಹ ಬರೆಯುವ ತಾಯಿ ಅವಳು. ಮೊನ್ನೆ ಮಧ್ಯಾಹ್ನ ಮೊಮ್ಮಗ ಎಚ್ಚರವಾಗಿಯೇ ಇದ್ದ. ಖಾಲಿ ಗೋಡೆಯ ಕಡೆ ನೋಡಿ ಕೇಕೆ ಹಾಕಿ ನಗುತ್ತಿದ್ದ. ಮಗಳು ಒಳಗಿನಿಂದ ಕೂಗಿದಳು: "ಮಮ್, ಹೂ ಈಸ್ ಹಿ ಲಾಫಿಂಗ್ ವಿತ್?"

"ಅವನ ದೊಡ್ಡಪ್ಪ ಬಂದಾನ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಹೆದರಿಕೆಯಾಗಿ ಮಗುವನ್ನು ಎತ್ತಿಕೊಂಡು ಹೋಗಲೆಂದು ಎದ್ದೆ. ಎತ್ತಿಕೊಳ್ಳಲಿಲ್ಲ. ತೊಟ್ಟಿಲಿಗೂ ಗೋಡೆಗೂ ನಡುವೆ ಇದ್ದ ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೂತೆ.