ನಕ್ಕರೆ ಲೈಟು ಅಲ್ಲಾಡುತ್ತದೆ

ಟಿವಿಯೊಳಗಿನ ಜನ ಗೊಳ್ಳೆಂದು ನಗುವಾಗಲೂ ಮುಖದ ಒಂದು ಗೆರೆ ಸಡಿಲಿಸದೆ ಕೂರುತ್ತಿದ್ದವನು ಇಮ್ತಿಯಾಜ್. ಸಾವಿನ ಮನೆಗೆ ಬಂದವನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಕತ್ತು ಮುಂದೆ ಚಾಚಿ ನೋಡುತ್ತಿದ್ದ. ನೋಡುತ್ತಿದ್ದದ್ದು ಮಾತ್ರ ನಗೆಯ ಕಾರ್ಯಕ್ರಮಗಳನ್ನೇ. ಬಹಳ ಚೆನ್ನಾಗಿದ್ದರೆ ಒಂದು ಸಲ ತಲೆಯಾಡಿಸಿ "ಛಲೋ ಆತು" ಅನ್ನುತ್ತಿದ್ದ. ಮೊದಲ ಸಲ ಆ ಮುಖ ನೋಡಿ, ಪಾಪ ಹೊಟ್ಟೆನೋವಿರಬೇಕು ಎಂದು ನಾನು ಜೀರಿಗೆ ಕಷಾಯ ಕುದಿಸಿ ಕೊಟ್ಟೆ. ಕುಡಿದ. ಅದಕ್ಕೂ "ಛಲೋ ಆತು" ಅಂದ.

ನಾವಾಗ ಅಮೆರಿಕದ ಟೆಕ್ಸಾಸಿನಲ್ಲಿ, ಲೂಯಿಸ್‌ವಿಲ್ ಅನ್ನುವ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು, ಮಗಳು, ಅಳಿಯ, ಮೊಮ್ಮಗಳು. ಬಟ್ಟೆ ಒಗೆಯುವ ಮಷೀನು ಮನೆಯೊಳಗೆ ಇರಲಿಲ್ಲ. ಈಜುಕೊಳದ ಪಕ್ಕದ ಕೋಣೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಸಾಲಾಗಿ ಇಟ್ಟಿದ್ದರು, ಚಿಲ್ಲರೆ ಹಾಕಿದರೆ ತಿರುಗುತ್ತಿದ್ದವು. ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ಆ ಕೋಣೆಯೇ ನನಗೆ ಬಾವಿಕಟ್ಟೆ. ಒಂದು ದಿನ ತೆಳ್ಳಗಿನ ಹುಡುಗನೊಬ್ಬ ಬಿಳಿ ಶರ್ಟುಗಳ ಜೊತೆಗೆ ಹೊಸ ಕೆಂಪು ಟವಲನ್ನೂ ಮಷೀನಿಗೆ ತುರುಕುತ್ತಿದ್ದ. ನನಗೆ ಇಂಗ್ಲಿಷ್ ಬಾರದು, ಓದಿದ್ದು ನಾಲ್ಕನೇ ಕ್ಲಾಸು. ಕನ್ನಡದಲ್ಲೇ ಕೂಗಿದೆ.

"ಲೋ, ಆ ಕೆಂಪು ಟವಲ್ ತೆಗಿಯೋ! ಬಣ್ಣ ಬಿಡುತ್ತೆ!"

ಅವನು ತಿರುಗಿ ಹಿಗ್ಗಿಹೋದ. "ಅಯ್ಯ, ಕನ್ನಡದೋರೇನ್ರಿ ಅಜ್ಜಿ? ಯಾವೂರ್ರಿ ನಿಮ್ಮದು?"

"ಊರು ಆಮೇಲೆ ಹೇಳ್ತೀನಿ, ಮೊದಲು ಟವಲ್ ತೆಗಿ."

"ನಮ್ಮದು ಹುಬ್ಬಳ್ಳಿರಿ. ಇಲ್ಲಿ ಬಂದು ಆರು ತಿಂಗಳಾತು, ಹಿಂಗ ಬಾಯಿತುಂಬ ಬೈಯೋರು ಒಬ್ಬರೂ ಸಿಕ್ಕಿದ್ದಿಲ್ಲ ನೋಡ್ರಿ."

ನಾನು ಟವಲ್ ಅನ್ನುವುದು, ಅವನು ಊರು ಅನ್ನುವುದು. ಕೊನೆಗೆ ಮುಚ್ಚಳ ಎತ್ತಿ ನೋಡಿದರೆ ನೀರು ಓಕುಳಿಯಾಗಿತ್ತು. ಶರ್ಟುಗಳೆಲ್ಲ ಗುಲಾಬಿ. ಬೇರೆ ಯಾರಾದರೂ ಆಗಿದ್ದರೆ ಎಸೆಯುತ್ತಿದ್ದರು. ಇವನು ಅವನ್ನೇ ಹಾಕಿಕೊಂಡು ಯೂನಿವರ್ಸಿಟಿಗೆ ಹೋದ. ಕೇಳಿದರೆ, "ಕೆಟ್ಟಾವು ಅಂತ ಯಾರಂದ್ರು? ಬಣ್ಣ ಬಂದಾವ್ರಿ" ಅನ್ನುತ್ತಿದ್ದ.

ಇಮ್ತಿಯಾಜ್ ಇದ್ದ ಮನೆಯಲ್ಲಿ ಓದುವ ಹುಡುಗರು ಒತ್ತೊತ್ತಾಗಿ ಇದ್ದರು, ಟಿವಿ ಇರಲಿಲ್ಲ. ಮಷೀನು ತಿರುಗುವಷ್ಟು ಹೊತ್ತು ನಮ್ಮ ಮನೆಗೆ ಬಂದು ಕೂರುವುದು ರೂಢಿಯಾಯಿತು. ಶನಿವಾರ ಸಂಜೆ ಒಂದು ಚಾನೆಲ್ಲಿನಲ್ಲಿ ಇಂಗ್ಲೆಂಡಿನ ನಗೆ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಒಬ್ಬಳು ಮುದುಕಿ. ಬೇಯಿಸಿದ ಆಲೂಗಡ್ಡೆಯಂಥ ಮುಖ. ಲಾಂಡ್ರಿ ಅಂಗಡಿ ಇಟ್ಟಿರುತ್ತಾಳೆ. ಬಂದ ಬಟ್ಟೆ ಬಿಡಿಸಿ, ಕಲೆ ನೋಡಿ, ಯಾರು ಎಲ್ಲಿ ಹೋಗಿದ್ದರು, ಏನು ತಿಂದರು, ಯಾರ ಜೊತೆ ಜಗಳವಾಡಿದರು ಎಂದು ಮುಖದ ಮೇಲೆ ಹೇಳಿಬಿಡುತ್ತಾಳೆ. ಯಾರಿಗೂ, ಯಾವತ್ತೂ, ತಪ್ಪಾಯಿತು ಅನ್ನುವುದಿಲ್ಲ. ಬೈಗುಳ ಯಾವ ಭಾಷೆಯದಾದರೇನು, ನನಗೆ ತಾನಾಗಿ ತಿಳಿಯುತ್ತಿತ್ತು. ತಿಳಿಯದ್ದನ್ನು ಇಮ್ತಿಯಾಜ್ ಹೇಳುತ್ತಿದ್ದ. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಅವನು ಕಲ್ಲು.

"ನೀನ್ಯಾಕೋ ನಗಲ್ಲ? ನಿಮ್ಮಪ್ಪ ಬೈತಾರಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹೌದ್ರಿ" ಅಂದ. ಅವನ ಅಪ್ಪ ಹುಬ್ಬಳ್ಳಿಯಲ್ಲಿ ನಾಟಕದ ಕಂಪನಿಗಳಿಗೆ ಮೈಕು, ಲೈಟು ಬಾಡಿಗೆ ಕೊಡುತ್ತಿದ್ದರಂತೆ. ಇವನು ಚಿಕ್ಕವನಿದ್ದಾಗ ಸ್ಟೂಲಿನ ಮೇಲೆ ನಿಂತು ಪಾತ್ರಧಾರಿಗಳ ಮೇಲೆ ಲೈಟು ಹಿಡಿಯಬೇಕು. ಹಾಸ್ಯದವನು ಬಂದಾಗ ಜನರೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಇವನು ಹಲ್ಲು ಕಚ್ಚಿ ನಿಂತಿರಬೇಕು. "ನಕ್ಕರ ಕೈ ನಡಗತೈತಿ, ಕೈ ನಡಗಿದ್ರ ಲೈಟ್ ಅಲ್ಲಾಡತೈತಿ, ಲೈಟ್ ಅಲ್ಲಾಡಿದ್ರ ಅಪ್ಪನ ಕೈ ನನ್ನ ಬೆನ್ನ ಮ್ಯಾಲ. ಹಂಗಾಗಿ ನಗು ಒಳಗs ಉಳೀತ್ರಿ."

ಒಳಗೇ ಇತ್ತು, ಸುಳ್ಳಲ್ಲ. ನಗೆಯ ವಿಚಾರ ಅವನಷ್ಟು ತಿಳಿದವರನ್ನು ನಾನು ಕಂಡಿಲ್ಲ. ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಅದೇ ಲಾಂಡ್ರಿ ಮುದುಕಿಯ ಕಥೆಯನ್ನು ಅಮೆರಿಕದವರು ತಮ್ಮದಾಗಿ ಮಾಡಿಕೊಂಡು ಬೇರೆ ಚಾನೆಲ್ಲಿನಲ್ಲಿ ಶುರುಮಾಡಿದರು. ಇಮ್ತಿಯಾಜ್ ಒಗೆಯಲು ಬಟ್ಟೆ ಇಲ್ಲದಿದ್ದರೂ ಓಡಿಬಂದ. ನೋಡಿದರೆ ಮುದುಕಿಯೇ ಇಲ್ಲ. ಮಲ್ಲಿಗೆ ಮೊಗ್ಗಿನಂಥ ಹಲ್ಲಿನ ಚೆಲುವೆ. ಲಾಂಡ್ರಿಯಲ್ಲಿ ಹುಡುಕಿದರೂ ಒಂದು ಕೊಳೆಬಟ್ಟೆಯಿಲ್ಲ. ಬೈಯುತ್ತಿದ್ದಳು, ಇಲ್ಲವೆನ್ನುವುದಿಲ್ಲ, ಆದರೆ ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡು, ಬೈಸಿಕೊಂಡವರನ್ನು ತಬ್ಬಿಕೊಳ್ಳುತ್ತಿದ್ದಳು.

"ತಬ್ಕೊಂಡ್ಲ್ರಿ ಅಜ್ಜಿ. ಮುಗೀತು" ಎಂದು ಇಮ್ತಿಯಾಜ್ ನಿಟ್ಟುಸಿರಿಟ್ಟ. "ಆಕಿನ್ನ ಒಳ್ಳೇಕಿ ಮಾಡಿ ಕೊಂದುಬಿಟ್ರು."

ಆದರೂ ವಾರವಾರ ಬಂದು ನೋಡಿದ. ಈ ವಾರವಾದರೂ ಅವಳು ತಬ್ಬಿಕೊಳ್ಳದೆ ಇರಬಹುದು ಎಂಬ ಆಸೆ. ಅವಳು ಬಿಡಲಿಲ್ಲ. ದೀಪಾವಳಿಗೆ ಮುಂಚೆಯೇ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟರು. ಆ ದಿನ ಇವನು ಊಟ ಬೇಡವೆಂದ. ನಾನು, "ಯಾರೋ ಟಿವಿಯವಳು ಹೋದ್ಲು ಅಂತ ಅನ್ನ ಬಿಡ್ತೀಯಾ? ಏಳು" ಎಂದು ತಟ್ಟೆ ಹಾಕಿದೆ. ಎರಡು ಸಲ ಹುಳಿ ಹಾಕಿಸಿಕೊಂಡ.

ಆಮೇಲೆ ಅವನಿಗೆ ಹೊಸ ಹುಚ್ಚು ಹಿಡಿಯಿತು. ನಮ್ಮ ಕಡೆಯ ಒಂದಷ್ಟು ಮನೆಗಳವರು ಸ್ಕೂಲಿನ ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಮಾಡುತ್ತಿದ್ದೆವು. ಅಲ್ಲಿ ಲಾಂಡ್ರಿ ಮುದುಕಿಯನ್ನು ಕನ್ನಡದಲ್ಲಿ ಆಡಿಸುತ್ತೇನೆಂದ. ಮುದುಕಿ ಯಾರು ಎಂದು ಕೇಳಿದೆ. ನನ್ನನ್ನೇ ನೋಡಿದ.

"ನನಗೆ ಆಕ್ಟಿಂಗ್ ಬರಲ್ಲ ಕಣೋ."

"ಅದಕ್ಕs ನಿಮ್ಮನ್ನ ಕೇಳಾಕತ್ತೇನ್ರಿ."

ಮಷೀನಿನ ಕೋಣೆಯಲ್ಲೇ ತಾಲೀಮು. ಅವನದು ಒಂದೇ ಕಟ್ಟಪ್ಪಣೆ. "ಏನ ಆಗ್ಲಿ, ನಾವು ನಗಬಾರದ್ರಿ. ನಾವು ನಕ್ಕರ ಜನ ನಗೂದಿಲ್ಲ."

ಹೀಗಿರುವಾಗ ಶ್ರೀಧರಮೂರ್ತಿ ಬಂದರು. ಯುಗಾದಿಯ ಏರ್ಪಾಡೆಲ್ಲ ಅವರದೇ. ಎಲ್ಲರೂ ಅವರನ್ನು ಅಧ್ಯಕ್ಷರೇ ಎನ್ನುತ್ತಿದ್ದರು, ಯಾರು ಆರಿಸಿದರೋ ಗೊತ್ತಿಲ್ಲ. ತಾಲೀಮು ನೋಡಿ, "ಚೆನ್ನಾಗಿದೆಯಮ್ಮಾ, ಆದರೆ ಹಬ್ಬದ ದಿನ. ಕೊನೇಲಿ ಈ ಅಜ್ಜಿ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಲಿ. ಒಂದು ಒಳ್ಳೇ ಸಂದೇಶ ಇರಬೇಕಲ್ವಾ? ಇಲ್ಲದಿದ್ದರೆ ನಾಟಕ ಇಟ್ಕೊಳ್ಳೋದು ಕಷ್ಟ" ಅಂದರು.

ಇಮ್ತಿಯಾಜ್ ಜಗಳಕ್ಕೆ ಬೀಳುತ್ತಾನೆಂದು ನಾನು ಕಾದೆ. ಅವನು, "ಆತ್ರಿ ಅಂಕಲ್" ಅಂದುಬಿಟ್ಟ. ನನಗೆ ಉರಿದುಹೋಯಿತು. ಅವರು ಆಚೆ ಹೋದ ಮೇಲೆ ಹಿಡಿದುಕೊಂಡೆ. "ಅಮೆರಿಕದೋರು ಅವಳನ್ನ ಒಳ್ಳೆಯವಳು ಮಾಡಿದ್ರು ಅಂತ ಅನ್ನ ಬಿಟ್ಟೋನು ನೀನು. ಈಗ ನೀನೂ ಅದನ್ನೇ ಮಾಡ್ತೀಯಾ?"

ಅವನು ಒದ್ದೆ ಬಟ್ಟೆ ಹಿಂಡುತ್ತ ತಲೆ ತಗ್ಗಿಸಿಯೇ ಹೇಳಿದ. "ನಾಟಕಕ್ಕಲ್ರಿ ಅಜ್ಜಿ. ನಾ ಮೇ ತಿಂಗಳಾಗ ಇಲ್ಲಿಂದ ಹೋಗಾಂವ. ನೀವು ಇಲ್ಲೇ ಇರೋರು, ಇದs ಮಂದಿ ಮನಿಗೆ ಪೂಜಾಕ್ಕ, ಬರ್ತ್‌ಡೇಕ್ಕ ಹೋಗೋರು. ನಾಳೆ ಇವರೆಲ್ಲಾ ನಿಮ್ಮನ್ನ ಕೆಟ್ಟ ಮುದುಕಿ ಅಂದ್ರ? ನಾಟಕ ಯಾವುದು, ಅಜ್ಜಿ ಯಾವುದು ಅಂತ ಯಾರಿಗೆ ಗೊತ್ತಾಗತೈತಿ?"

"ಅಂದ್ರೆ ಅನ್ಲಿ. ಈಗೇನು ಅಂತಿಲ್ವಾ?"

"ಬ್ಯಾಡ್ರಿ. ನನ್ನ ಸಲುವಾಗಿ ಕೈಮುಗೀರಿ."

ನಾಟಕ ಅವನದು. ಆಯ್ತು ಅಂದೆ. ಕೊನೆಯಲ್ಲಿ ಅವನು, "ಈಗಾದ್ರೂ ತಪ್ಪಾತು ಅಂತೀರೇನು?" ಎಂದು ಕೇಳಬೇಕು, ನಾನು ಎದ್ದು ಕೈಮುಗಿದು, "ತಪ್ಪಾಯ್ತು, ಎಲ್ಲರೂ ಕ್ಷಮಿಸಿ" ಅನ್ನಬೇಕು. ಒಗೆಯುವಾಗಲೆಲ್ಲ ಆ ಮಾತು ಬಾಯಿಪಾಠ ಮಾಡಿದೆ. ಬೇವು ತಿಂದ ಹಾಗಿರುತ್ತಿತ್ತು.

ಯುಗಾದಿಯ ದಿನ ನಮ್ಮ ನಾಟಕವನ್ನು ಊಟಕ್ಕೆ ಮುಂಚೆ ಇಟ್ಟರು. ಅದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಶುರುವಿನಲ್ಲಿ ಜನ ನಕ್ಕರು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಬಿಸಿಬೇಳೆಬಾತಿನ ವಾಸನೆ ಹಾಲ್ ತುಂಬ ಹರಡಿತು. ಮಕ್ಕಳನ್ನು ಎತ್ತಿಕೊಂಡವರು ಮೊದಲು ಎದ್ದರು. ಅವರ ಹಿಂದೆ ಒಂದು ಸಾಲೇ ಎದ್ದಿತು. ಗುಲಾಬಿ ಶರ್ಟು ತೊಟ್ಟು ಗಿರಾಕಿಯ ಪಾತ್ರ ಮಾಡುತ್ತಿದ್ದ ಇಮ್ತಿಯಾಜನ ದನಿ ಸಣ್ಣಗಾಯಿತು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಶ್ರೀಧರಮೂರ್ತಿಯವರೇ ಪಂಚೆ ಕೊಡವಿಕೊಂಡು ಎದ್ದುಬಿಟ್ಟರು. ಬಿಳಿ ಜುಬ್ಬ. ಹೊಟ್ಟೆಯ ಮೇಲೆ, ಬೆಳಕಿನಲ್ಲಿ ಚೆನ್ನಾಗಿ ಕಾಣುವಂತೆ, ತುಪ್ಪದ ಕಲೆ. ಅದಕ್ಕೆ ಅಂಟಿಕೊಂಡು ಒಂದು ಚೂರು ಹೂರಣ.

ನಾನು ಯೋಚಿಸಲಿಲ್ಲ. "ಏನ್ ಸ್ವಾಮಿ, ಎದ್ಬಿಟ್ರಿ?" ಅಂದೆ. "ನಿಮ್ದು ಒಬ್ಬಟ್ಟು ಆಗ್ಲೇ ಒಂದು ಸಲ ಆಗಿದೆ ಅಂತ ಜುಬ್ಬ ಹೇಳ್ತಿದೆ. ಕೂತ್ಕೊಳ್ಳಿ. ಮಿಕ್ಕೋರಿಗೂ ಇರ್ಲಿ."

ಅವರು ಬಗ್ಗಿ ಜುಬ್ಬ ನೋಡಿಕೊಂಡರು. ಅವರ ಹೆಂಡತಿ, "ಅದಕ್ಕೇ ಡಬ್ಬೀಲಿ ಕಮ್ಮಿ ಬಂತು! ನಾನು ಪಕ್ಕದ ಮನೆಯೋರ ಮೇಲೆ ಅನುಮಾನ ಪಟ್ಟೆ!" ಎಂದು ಕೂಗಿದ್ದೇ ತಡ, ನಗು ಸೂರಿಗೆ ಹೋಯಿತು. ಊಟಕ್ಕೆ ಹೋಗಿದ್ದವರು ತಟ್ಟೆ ಹಿಡಿದುಕೊಂಡೇ ವಾಪಸ್ ಓಡಿಬಂದರು. ಅಧ್ಯಕ್ಷರು ಕೂತರು.

ಆಗ ನನ್ನ ಪಕ್ಕದಲ್ಲಿ ಹಳೇ ಸ್ಕೂಟರಿಗೆ ಕಿಕ್ ಹೊಡೆದಂಥ ಸದ್ದು. ತಿರುಗಿದರೆ ಇಮ್ತಿಯಾಜ್. ಮೊದಲು ಹೆಗಲು ಕುಣಿಯಿತು, ಆಮೇಲೆ ಹೊಟ್ಟೆ. ಬಟ್ಟೆ ಬುಟ್ಟಿಯ ಮೇಲೆ ಕುಸಿದು ಕೂತ. ಬುಟ್ಟಿ ಮಗುಚಿತು, ಕೆಳಗೆ ಬಿದ್ದುಕೊಂಡೇ ನಕ್ಕ.

"ಮಾತು ಹೇಳೋ!" ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ.

"ಅಜ್ಜಿ... ಈಗಾದ್ರೂ..." ಅಂದ. ಅಷ್ಟಕ್ಕೇ ಮತ್ತೆ ಕಿಕ್ ಹೊಡೆಯಿತು. ನಾನು ಕೈಮುಗಿಯಲು ಎರಡೂ ಕೈ ಖಾಲಿ ಮಾಡಿಕೊಂಡು ಕಾದೆ. ಅವನ ಮಾತು ಬರಲಿಲ್ಲ. ಪರದೆಯ ಹತ್ತಿರ ಇದ್ದವರು ನಾಟಕ ಮುಗಿಯಿತೆಂದುಕೊಂಡು ಎಳೆದುಬಿಟ್ಟರು.

"ಲೈಟು ಅಲ್ಲಾಡ್ತಲ್ಲೋ" ಅಂದೆ.

ಅವನು ಕಣ್ಣೊರೆಸಿಕೊಂಡು, "ಬಿದ್ದs ಹೋತ್ರಿ" ಅಂದ.

ಅಧ್ಯಕ್ಷರು ನನ್ನ ಜೊತೆ ಸ್ವಲ್ಪ ದಿನ ಮಾತು ಬಿಟ್ಟರು. ಅವರ ಹೆಂಡತಿ ಮಾತ್ರ ಮಾರನೆಯ ದಿನವೇ ಮಿಕ್ಕ ಒಬ್ಬಟ್ಟು ಹಿಡಿದು ಬಂದರು. ಪೂಜೆ, ಬರ್ತ್‌ಡೇ ಎಂದು ಕರೆಯುವುದನ್ನು ಯಾರೂ ನಿಲ್ಲಿಸಲಿಲ್ಲ. ನಾನು ಒಳಗೆ ಕಾಲಿಟ್ಟರೆ ಗಂಡಸರು ಒಂದು ಸಲ ಶರ್ಟು ನೋಡಿಕೊಳ್ಳುತ್ತಿದ್ದರು. ಒಳ್ಳೆಯದೇ. ಈಗ ನಾವು ಪಕ್ಕದೂರು ಕಾಪೆಲ್‌ಗೆ ಶಿಫ್ಟ್ ಆಗಿದ್ದೇವೆ, ಮಷೀನು ಮನೆಯೊಳಗೇ ಇದೆ, ಬಟ್ಟೆ ಹಾಕಿದರೆ ಮಾತಿಗೆ ಯಾರೂ ಸಿಕ್ಕುವುದಿಲ್ಲ. ಇಮ್ತಿಯಾಜನಿಗೆ ಆಸ್ಟಿನ್‌ನಲ್ಲಿ ಕೆಲಸವಾಯಿತು. ಅಲ್ಲೇ ಹತ್ತಿರ ಸೀಡರ್ ಪಾರ್ಕ್ ಅನ್ನುವ ಊರಿನಲ್ಲಿ ಮನೆ ಮಾಡಿದ್ದೇನೆಂದು ಮೊದಮೊದಲು ಫೋನಿನಲ್ಲಿ ಹೇಳುತ್ತಿದ್ದ. ಈಗ ಸುದ್ದಿಯಿಲ್ಲ. ಚೆನ್ನಾಗಿರುತ್ತಾನೆ, ಅವನಿಗೇನು.

ಕೊನೆಯ ಸಲ ನೋಡಿದ್ದು ಆ ಮಷೀನಿನ ಕೋಣೆಯಲ್ಲೇ, ಅವನು ಊರು ಬಿಡುವ ದಿನ. ಟವಲನ್ನು ಬೇರೆ ಇಟ್ಟಿದ್ದ, ಅಷ್ಟಾದರೂ ಕಲಿತಿದ್ದ. ಶರ್ಟು ಹೊರಗೆ ತೆಗೆಯುತ್ತ ಕೇಳಿದ. "ಅಜ್ಜಿ, ಖರೇ ಹೇಳ್ರಿ. ನಾ ಮಾತು ಹೇಳಿದ್ರ ನೀವು ಅವತ್ತ ಕೈಮುಗೀತಿದ್ರೇನು?"

"ಒಪ್ಪಿಕೊಂಡಿದ್ನಲ್ಲ. ಮುಗೀತಿದ್ದೆ."

ಒದ್ದೆ ಶರ್ಟನ್ನು ಜೋರಾಗಿ ಕೊಡವಿದ. ಆಮೇಲೆ ಒಂದು ಸಲ ತಲೆಯಾಡಿಸಿದ.

"ಹಂಗಾದ್ರ ನಾ ನಕ್ಕಿದ್ದು ಛಲೋ ಆತು."

ಡ್ರೈಯರಿಗೆ ಹಾಕುವಷ್ಟು ತಾಳ್ಮೆ ಅವನಿಗಿರಲಿಲ್ಲ. ಒದ್ದೆ ಗುಲಾಬಿ ಶರ್ಟನ್ನು ಕಾರಿನ ಹಿಂದಿನ ಕಿಟಕಿಗೆ ನೇತುಹಾಕಿಕೊಂಡು ಹೊರಟುಬಿಟ್ಟ. ಗೇಟು ದಾಟುವಾಗ ತೋಳು ಹೊರಗೆ ಹಾರುತ್ತಿತ್ತು. ಒಳಗೆ ತಗೊಳ್ಳೋ ಎಂದು ಕೂಗಿದೆ, ಕೇಳಿಸಲಿಲ್ಲ. ಟೆಕ್ಸಾಸಿನ ಬಿಸಿಲು, ಆಸ್ಟಿನ್ ಮುಟ್ಟುವುದರೊಳಗೆ ಒಣಗಿರುತ್ತದೆ.