ಮೂರು ಗಂಟೆಯ ಫೋನು

ನಾನು ನರ್ಸು. ಹೆಣ ಒರೆಸಿ, ಬಟ್ಟೆ ಸುತ್ತಿ, ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತವಳು. ಸತ್ತವರು ಮಾತಾಡಿದರು ಎಂದು ಯಾರಾದರೂ ಹೇಳಿದರೆ, ಪಾಪ, ಇವರಿಗೆ ನಿದ್ದೆ ಸಾಲದು ಎಂದುಕೊಳ್ಳುತ್ತಿದ್ದೆ. ಈಗಲೂ ಬೇರೆಯವರು ಹೇಳಿದರೆ ಹಾಗೇ ಅಂದುಕೊಂಡೇನು. ಆದ್ದರಿಂದ ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆ ಇಂಗ್ಲೆಂಡಿಗೆ ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನಾನೂ ಹೋದೆ. ಅಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡು ನನ್ನದು. ರೋಗಿಯನ್ನು ಎತ್ತುವಾಗ ಇಬ್ಬರು ನರ್ಸುಗಳಿರಬೇಕು ಎಂದು ಗೋಡೆಯ ಮೇಲೆ ಬರೆದು ಹಾಕಿದ್ದರು. ಆದರೆ ಇಡೀ ವಾರ್ಡಿಗೇ ಇಬ್ಬರಿದ್ದರೆ ಹೆಚ್ಚು. ಒಂದು ಬೆಳಗ್ಗೆ ಡೋರಿಸ್ ಎಂಬ ಎಂಬತ್ತು ದಾಟಿದ ಹೆಂಗಸು ಕಮೋಡಿನಿಂದ ಏಳಲಾಗದೆ ಜಾರತೊಡಗಿದರು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ತಬ್ಬಿ ಹಿಡಿದೆ. ಸೊಂಟದಲ್ಲಿ ಏನೋ ಪಟ್ಟೆಂದಿತು, ಕಣ್ಣು ಕತ್ತಲೆ ಬಂತು. ಆಮೇಲೆ ನೋಡಿದರೆ ಇಬ್ಬರೂ ನೆಲದ ಮೇಲಿದ್ದೆವು. ಆಕೆಯ ತೊಡೆಮೂಳೆ ಮುರಿದಿತ್ತು, ನನ್ನ ಬೆನ್ನಿನ ಡಿಸ್ಕ್ ಜಾರಿತ್ತು.

ಚಿಕಿತ್ಸೆಗೆ ಒಂದು ಕಾಸೂ ಕೊಡಬೇಕಿಲ್ಲದ ದೇಶ ಅದು. ಕಾಯಬೇಕು, ಅಷ್ಟೆ. ಫಿಸಿಯೋಥೆರಪಿಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಐದಾರು ತಿಂಗಳಾಗಬಹುದು, ಮೊದಲು ಫೋನ್ ಮಾಡುತ್ತೇವೆ ಎಂದರು. ಅವರ ರೋಗಿಗಳನ್ನು ಎತ್ತಿ ಎತ್ತಿಯೇ ಹಾಳಾದ ಬೆನ್ನಿಗೆ ಅವರಲ್ಲಿ ಪುರುಸೊತ್ತಿರಲಿಲ್ಲ. ವಿಚಾರಣೆಗೆ ಮಾತ್ರ ಪುರುಸೊತ್ತಿತ್ತು. ನಿಯಮ ಮೀರಿ ಒಬ್ಬಳೇ ಎತ್ತಿ, ರೋಗಿಯನ್ನು ಕೈಬಿಟ್ಟಳು ಎಂದು ನನ್ನ ಮೇಲೆ ದೂರು ಬಂತು. ಕೈಬಿಟ್ಟೆನೋ ಇಲ್ಲವೋ, ದೇವರಾಣೆ, ನನಗೇ ನೆನಪಿರಲಿಲ್ಲ. ಎದ್ದು ಅನ್ನ ಬೇಯಿಸಿಕೊಳ್ಳಲೂ ಆಗದೆ, ಅಣ್ಣನ ಮನೆಯ ಫೋನ್ ನಂಬರ್ ಬರೆದುಕೊಟ್ಟು ಶಿವಮೊಗ್ಗಕ್ಕೆ ಬಂದುಬಿಟ್ಟೆ.

ಅಣ್ಣನ ಮನೆ ಸವಳಂಗ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ. ಅವನು ಶಂಕರಘಟ್ಟದಲ್ಲಿ ಗುಮಾಸ್ತ, ಅತ್ತಿಗೆ ಭದ್ರಾವತಿಯ ಶಾಲೆಯಲ್ಲಿ ಟೀಚರ್. ಇಬ್ಬರೂ ಬೆಳಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆ. ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದಿರುತ್ತಿದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೆ ಒಮ್ಮೆ ಅಡುಗೆಮನೆಯಲ್ಲಿ, "ಅಲ್ಲಿ ಎಲ್ಲ ಪುಕ್ಕಟೆ ಅಂತಿದ್ಲಲ್ಲ, ಮತ್ತೆ ಇಲ್ಲಿಗ್ಯಾಕೆ ಬಂದ್ಲಂತೆ?" ಎಂದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ನಾನು ಅವರಿಗೆ ಏನನ್ನೂ ಹೇಳುವುದು ಬಿಟ್ಟೆ.

ಬಂದ ಎರಡನೇ ವಾರ, ಮಧ್ಯಾಹ್ನ ಮೂರಕ್ಕೆ, ತಲೆಯ ಹತ್ತಿರ ಸ್ಟೂಲಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಎತ್ತಿದೆ. ಇಂಗ್ಲಿಷ್ ಹೆಂಗಸಿನ ದನಿ, ವಯಸ್ಸಾದದ್ದು. ಬೆನ್ನು ಹೇಗಿದೆ ಎಂದು ಕೇಳಿತು. ಫಿಸಿಯೋದವರು ಎಂದುಕೊಂಡೆ, ಹೆಸರು ಕೇಳಲಿಲ್ಲ. ಮಂಡಿ ಮಡಿಸು, ಸೊಂಟವನ್ನು ನೆಲಕ್ಕೆ ಒತ್ತು, ಈಗ ಉಸಿರು ಬಿಡು ಎಂದು ಒಂದೊಂದಾಗಿ ಹೇಳಿಕೊಟ್ಟಿತು. ಮರುದಿನವೂ ಮೂರಕ್ಕೇ ಬಂತು. ಶನಿವಾರ, ಭಾನುವಾರ ಬಿಟ್ಟು ಹದಿನೇಳು ದಿನ ಬಂತು. ಅಷ್ಟರಲ್ಲಿ ನಾನು ಗೋಡೆ ಹಿಡಿಯದೆ ಬಚ್ಚಲಿಗೆ ನಡೆಯುತ್ತಿದ್ದೆ. ಆ ದೇಶದ ಮೇಲಿನ ಸಿಟ್ಟೂ ಸ್ವಲ್ಪ ಇಳಿದಿತ್ತು.

ಹದಿನೇಳನೆಯ ದಿನ ವ್ಯಾಯಾಮ ಹೇಳಲಿಲ್ಲ. "ನೀನು ನನ್ನನ್ನು ಕೈಬಿಡಲಿಲ್ಲ. ಕೆಳಗೆ ಬೀಳುವವರೆಗೂ ಹಿಡಿದೇ ಇದ್ದೆ. ನನಗೆ ಗೊತ್ತು," ಎಂದಿತು ದನಿ.

"ಡೋರಿಸ್?" ಎಂದೆ. ಸ್ವಲ್ಪ ಹೊತ್ತು ಉಸಿರು ಕೇಳಿಸಿತು. ಆಮೇಲೆ ಏನೂ ಇಲ್ಲ.

ನಿಜ ಹೇಳಬೇಕೆಂದರೆ ಆಗ ನನಗೆ ಭಯವಾಗಲಿಲ್ಲ, ಅಳು ಬಂತು. ಆಕೆ ಗುಣವಾಗಿದ್ದಾರೆ, ಹೇಗೋ ನನ್ನ ನಂಬರ್ ಹುಡುಕಿದ್ದಾರೆ, ವಿಚಾರಣೆಯಲ್ಲೂ ಇದನ್ನೇ ಹೇಳುತ್ತಾರೆ ಎಂದುಕೊಂಡೆ. ಸಂಜೆ ಅಣ್ಣ ಬಂದ ಕೂಡಲೇ, ಇಂಗ್ಲೆಂಡಿಗೆ ಒಂದು ಫೋನ್ ಮಾಡಬೇಕು ಎಂದೆ.

"ಅದಕ್ಕೆ ಬೂತಿಗೆ ಹೋಗ್ಬೇಕು ಮಾರಾಯ್ತಿ. ಮನೆ ಫೋನ್ ಹೋಗಿ ಒಂದು ತಿಂಗಳಾಯ್ತು. ರಸ್ತೆ ಅಗೆದೋರು ಕೇಬಲ್ ಕಡಿದು ಹಾಕಿದಾರೆ."

"ನಡುವೆ ಸರಿ ಆಗಿತ್ತೇನೋ."

"ಎಲ್ಲಿ ಸರಿ? ದಿನಾ ಬೆಳಗ್ಗೆ ಎತ್ತಿ ನೋಡಿ ಇಡ್ತೀನಿ. ಈ ಸಾಲಲ್ಲಿ ಯಾರ ಮನೇಲೂ ಇಲ್ಲ," ಎಂದು ರಿಸೀವರ್ ಎತ್ತಿ ನನ್ನ ಕಿವಿಗೆ ಹಿಡಿದ. ಹತ್ತಿಯ ಮೂಟೆಗೆ ಕಿವಿ ಕೊಟ್ಟ ಹಾಗಿತ್ತು.

ಮರುದಿನ ಆಟೋ ಮಾಡಿಕೊಂಡು ಗಾಂಧಿ ಬಜಾರಿನ ಬೂತಿಗೆ ಹೋದೆ. ಅದೇ ವಾರ್ಡಿನಲ್ಲಿದ್ದ ಗೆಳತಿ ಲೀನಾ ಫೋನಿಗೆ ಸಿಕ್ಕಳು. ಡೋರಿಸ್ ತೀರಿಕೊಂಡು ತಿಂಗಳ ಮೇಲಾಯಿತು, ನೀನು ವಿಮಾನ ಹತ್ತಿದ ವಾರವೇ ಎಂದಳು. ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದಾಗ, ಫಿಸಿಯೋದವರನ್ನೂ ವಿಚಾರಿಸಿ ಹೇಳಿದಳು. ಇನ್ನೂ ಚಿಕಿತ್ಸೆ ಬೇಕೇ ಎಂದು ನನ್ನ ಅಲ್ಲಿನ ವಿಳಾಸಕ್ಕೆ ಎರಡು ಪತ್ರ ಹಾಕಿ, ಉತ್ತರ ಬರಲಿಲ್ಲವೆಂದು ಹೆಸರು ಹೊಡೆದುಹಾಕಿದ್ದರಂತೆ. ಫೋನ್ ಯಾರೂ ಮಾಡಿರಲಿಲ್ಲ.

ನೋವಿನ ಮಾತ್ರೆಗಳ ಮಂಪರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ವ್ಯಾಯಾಮಗಳಲ್ಲಿ ಅರ್ಧಕ್ಕರ್ಧ ನಾನು ಕಲಿತವಲ್ಲ, ಎಲ್ಲೂ ನೋಡಿದವೂ ಅಲ್ಲ. ಭದ್ರಾವತಿಯಲ್ಲಿ ಚಿಕ್ಕಂದಿನಿಂದ ಪರಿಚಯವಿದ್ದ ಡಾಕ್ಟರಿಗೆ ಮಾಡಿ ತೋರಿಸಿದಾಗ, "ಸರಿಯಾಗೇ ಹೇಳಿಕೊಟ್ಟಿದಾರಲ್ಲಮ್ಮ, ಯಾರು?" ಎಂದರು. ಇಂಗ್ಲೆಂಡಿನವರು ಎಂದೆ. "ನೋಡು, ಕೆಲಸಕ್ಕೆ ಬಂದವರನ್ನೂ ಎಷ್ಟು ಚೆನ್ನಾಗಿ ನೋಡ್ಕೋತಾರೆ," ಎಂದು ತಲೆದೂಗಿದರು. ನಾನು ಚಪ್ಪಲಿ ಹಾಕಿಕೊಂಡು ಬಂದೆ.

ಮುಂದಿನ ತಿಂಗಳು ವಿಚಾರಣೆಯ ಫಾರಂ ಬಂತು. ಘಟನೆಯ ಹೊತ್ತಿನಲ್ಲಿ ಅಲ್ಲಿದ್ದು, ನಡೆದದ್ದನ್ನು ನಿಮ್ಮ ಪರವಾಗಿ ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ಅದರಲ್ಲಿ ಕೇಳಿತ್ತು. ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. ಅತ್ತಿಗೆ ಬಂದು, "ಊಟಕ್ಕೆ ಏಳಲ್ವಾ?" ಎಂದು ಕೇಳಿ ಹೋದಳು. "ಇಲ್ಲ" ಎಂದು ಬರೆದು ಅಂಚೆಗೆ ಹಾಕಿದೆ. ತಪ್ಪು ನನ್ನದೇ ಎಂದು ತೀರ್ಮಾನವಾಯಿತು. ಅಲ್ಲಿ ಮತ್ತೆ ನನಗೆ ಕೆಲಸ ಸಿಗಲಿಲ್ಲ.

ನಾನು ಬರೆದ ಆ ಒಂದು ಮಾತು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.